ತಿಂಡಿ ಗಾಡಿ, ಜ್ಯೂಸ್ ಗಾಡಿಗೆ ಕರೆಂಟು ಎಲ್ಲಿಂದ?

ಬ್ಯಾಟರಿ ಅಂಗಡಿಗೆ ಹೋದರೆ ಮೊದಲು ಕೇಳೋದು "ಎಷ್ಟು ಗಂಟೆ ಬ್ಯಾಕಪ್ ಬೇಕು ಸಾರ್?" ಮನೆಗೆ ಇನ್ವರ್ಟರ್ ಹಾಕಿಸುವವರಿಗೆ ಆ ಪ್ರಶ್ನೆ ಸರಿ. ಗಾಡಿ ಇಟ್ಟು ವ್ಯಾಪಾರ ಮಾಡುವವರನ್ನು ಮೊದಲು ಕೇಳಬೇಕಾದ್ದು ಬೇರೆ. ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತೆ? ಅಲ್ಲಿ ಪ್ಲಗ್ ಪಾಯಿಂಟ್ ಇದೆಯಾ? ಬೆಳಿಗ್ಗೆ ಮತ್ತೆ ಹೊರಡುವವರೆಗೆ ಎಷ್ಟು ಹೊತ್ತು ಸಿಗುತ್ತೆ?

ಸಂಜೆ ಗಾಡಿಯವರ ದಿನಚರಿ ನೋಡಿ. ಹನ್ನೊಂದಕ್ಕೆ ಒಲೆ ಆರಿಸಿ, ಪಾತ್ರೆ ತೊಳೆದು ಮನೆ ಸೇರುವ ಹೊತ್ತಿಗೆ ಹನ್ನೆರಡು. ಬೆಳಿಗ್ಗೆ ಆರಕ್ಕೆ ಅದೇ ಗಾಡಿ ತರಕಾರಿ ಮಾರ್ಕೆಟ್ಟಿಗೆ ಹೊರಡಬೇಕು. ನಡುವೆ ಉಳಿಯೋದು ಆರು ಗಂಟೆ. ಮಧ್ಯೆ ಕರೆಂಟು ಹೋದರೆ ಅದರಲ್ಲೂ ಖೋತಾ. ಈ ನಾಲ್ಕಾರು ಗಂಟೆಯಲ್ಲಿ ತುಂಬದ ಬ್ಯಾಟರಿ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಅದರಲ್ಲೂ ಲೆಡ್ ಆಸಿಡ್ ಬ್ಯಾಟರಿಯಾದರೆ ಅರೆಹೊಟ್ಟೆಯಲ್ಲೇ ದಿನಾ ಹೊರಟು, ಗ್ಯಾರಂಟಿ ಕಾರ್ಡ್ ಹಳದಿಯಾಗುವ ಮೊದಲೇ ಸತ್ತಿರುತ್ತೆ. ಕೆಳಗಿನ ಲೆಕ್ಕವೆಲ್ಲ ಈ ಒಂದು ವಿಷಯದ ಸುತ್ತ ಇದೆ.

ಚೀಟಿಯಲ್ಲಿ ಬರೆದು ನೋಡಿ

ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್. ಇಷ್ಟು ಲೆಕ್ಕ ಬಂದರೆ ಸಾಕು, ಅಂಗಡಿಯವರು ಹೇಳುವ ವಿಎ, ಕೆವಿಎಗೆ ಹೆದರಬೇಕಾಗಿಲ್ಲ.

ಗೋಬಿ ಗಾಡಿ ಅಥವಾ ಮಿರ್ಚಿ ಬಜ್ಜಿ ಗಾಡಿ ತೆಗೆದುಕೊಳ್ಳಿ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, ಅಂದರೆ 36 ವ್ಯಾಟ್. ಐದು ಗಂಟೆ ಉರಿದರೆ 180 ವ್ಯಾಟ್-ಅವರ್. ಯುಪಿಐ ಸೌಂಡ್ ಬಾಕ್ಸು, ಮೊಬೈಲ್ ಚಾರ್ಜು ಸೇರಿದರೆ 200. ದಿನಕ್ಕೆ 0.2 ಯೂನಿಟ್, ಅಷ್ಟೇ. ಇಷ್ಟಕ್ಕಾಗಿ ಪಕ್ಕದಲ್ಲಿ ಜನರೇಟರ್ ಗುಡುಗಿಸೋದು ಮೂಗಿಗಿಂತ ಮೂಗುತಿ ಭಾರ. 2 ಕೆವಿಎ ಮಾಮೂಲಿ ಪೆಟ್ರೋಲ್ ಜನರೇಟರ್ ಖಾಲಿ ಓಡಿದರೂ, ನಾಲ್ಕು ಬಲ್ಬು ಹಾಕಿ ಓಡಿಸಿದರೂ ಗಂಟೆಗೆ ಅರ್ಧ ಲೀಟರಿನ ಹತ್ತಿರ ಕುಡಿಯುತ್ತೆ. ಐದು ಗಂಟೆಗೆ ಎರಡು, ಎರಡೂವರೆ ಲೀಟರ್. ಲೀಟರಿಗೆ ನೂರು ರೂಪಾಯಿ ಆಜುಬಾಜು ಹಿಡಿದರೂ 0.2 ಯೂನಿಟ್ಟಿಗೆ ಇನ್ನೂರು ರೂಪಾಯಿಗೆ ಮೇಲೆ, ಯೂನಿಟ್ ಒಂದಕ್ಕೆ ಸಾವಿರ! ಇಂಥ ಗಾಡಿಗೆ 12.8 ವೋಲ್ಟಿನ 25 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ (ಚಿಕ್ಕದಾಗಿ ಲಿಥಿಯಂ ಫಾಸ್ಫೇಟ್) ಬ್ಯಾಟರಿ ಒಂದು ಸಾಕು. ವೋಲ್ಟನ್ನು ಎಎಚ್‌ನಿಂದ ಗುಣಿಸಿದರೆ ಒಟ್ಟು 320 ವ್ಯಾಟ್-ಅವರ್, ತೂಕ ಮೂರು ನಾಲ್ಕು ಕೆಜಿ, ಕೈಯಲ್ಲಿ ಹಿಡಿದು ಮನೆಯೊಳಗೆ ಒಯ್ದು ಚಾರ್ಜಿಗೆ ಹಾಕಬಹುದು. ಗಾಡಿ ಬೀದಿಯಲ್ಲೇ ನಿಲ್ಲುವವರಿಗೆ ಇದು ದೊಡ್ಡ ಅನುಕೂಲ.

ಇನ್ವರ್ಟರೂ ಬೇಡ. ಡಿಸಿ ಬಲ್ಬನ್ನು ನೇರವಾಗಿ ಹಾಕಿ. ಆದರೆ ಬರೀ "12 ವೋಲ್ಟ್" ಎಂದು ಬರೆದ ಅಗ್ಗದ ಬಲ್ಬು ತರಬೇಡಿ. ಈ ಬ್ಯಾಟರಿ ತುಂಬಿದಾಗ ಚಾರ್ಜರಿನಲ್ಲಿ 14.4 ವೋಲ್ಟ್ ಇರುತ್ತೆ, ಚಾರ್ಜರ್ ಕಳಚಿದ ಮೇಲೂ 13.3ರ ಸುತ್ತ ನಿಲ್ಲುತ್ತೆ. 10ರಿಂದ 16 ವೋಲ್ಟ್ ತಡೆಯುತ್ತೆ ಎಂದು ಬರೆದಿರುವ ಬಲ್ಬು ಬಾಳಿಕೆ ಬರುತ್ತೆ.

ಜ್ಯೂಸ್ ವ್ಯಾನಿನ ಚೀಟಿ ಬೇರೆ ಥರ. ಮಿಕ್ಸಿ ಮೇಲೆ 750 ವ್ಯಾಟ್ ಎಂದಿದ್ದರೂ ಹಣ್ಣು, ಹಾಲು ಹಾಕಿ ತಿರುಗಿಸುವಾಗ ಸರಾಸರಿ 500 ಹಿಡಿದರೆ ತಪ್ಪಾಗಲ್ಲ. ಗ್ಲಾಸಿಗೆ ಒಂದು ನಿಮಿಷ, ದಿನಕ್ಕೆ 120 ಗ್ಲಾಸ್ ಎಂದರೆ ಎರಡು ಗಂಟೆ ಓಟ, ಒಂದು ಯೂನಿಟ್. ಲೈಟು, ಒಂದು ಫ್ಯಾನು, ಪ್ರಿಂಟರ್ ಎಲ್ಲ ಸೇರಿ 0.4. ಇದರ ಜೊತೆ 100 ಲೀಟರಿನ ಚೆಸ್ಟ್ ಫ್ರೀಜರ್ ಇಟ್ಟರೆ, ಬಿಸಿಲಲ್ಲಿ ನಿಂತ ವ್ಯಾನಿನೊಳಗೆ, ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆಯುವ ಲೆಕ್ಕದಲ್ಲಿ ಎಂಟು ಗಂಟೆಗೆ 0.7 ಯೂನಿಟ್ ಬೇಕು. ಒಟ್ಟು 2.1.

ಇದಕ್ಕೆ ಇನ್ವರ್ಟರ್ ತಿನ್ನೋದನ್ನು ಸೇರಿಸಬೇಕು. ನೂರಕ್ಕೆ ಹದಿನೈದರಷ್ಟು ಅಲ್ಲೇ ಶಾಖವಾಗಿ ಹೋಗುತ್ತೆ. 2.1 ಅನ್ನು 0.85ರಿಂದ ಭಾಗಿಸಿದರೆ 2.5 ಯೂನಿಟ್. ಲಿಥಿಯಂ ಬ್ಯಾಟರಿಯನ್ನೂ ಪೂರ್ತಿ ಬರಿದು ಮಾಡಬಾರದು, ಹತ್ತು ಹದಿನೈದು ಪರ್ಸೆಂಟ್ ಉಳಿಸಬೇಕು. ಹಾಗಾಗಿ 2.8 ಯೂನಿಟ್ಟಿನ ಬ್ಯಾಟರಿ ಬೇಕಾಗುತ್ತೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ 25.6 ವೋಲ್ಟ್ 100 ಎಎಚ್ ಬ್ಯಾಟರಿಯಲ್ಲಿರೋದು 2.56. ಸ್ವಲ್ಪದರಲ್ಲೇ ಸಾಲದು.

ಇಲ್ಲಿ ಬಹುತೇಕರು ಇನ್ನೂ ದೊಡ್ಡ ಬ್ಯಾಟರಿಗೆ ಕೈಹಾಕುತ್ತಾರೆ. ಅದರ ಬದಲು ಫ್ರೀಜರನ್ನೇ ಗಾಡಿಯಿಂದ ಇಳಿಸಿ. 10 ಕೆಜಿ ಮಂಜುಗಡ್ಡೆ ಕರಗುವಾಗ ಹೀರಿಕೊಳ್ಳುವ ಶಾಖ ಸುಮಾರು 0.9 ಯೂನಿಟ್ಟಿನಷ್ಟು. ಅಷ್ಟೇ ಶಾಖ ಹೊರಹಾಕಲು ಫ್ರೀಜರಿನ ಕಂಪ್ರೆಸರ್‌ಗೆ ಬೇಕಾಗೋದು ಸುಮಾರು 0.6 ಯೂನಿಟ್ ಕರೆಂಟು. ಅಂದರೆ ಒಳ್ಳೆ ಥರ್ಮೋಕೋಲ್ ಅಥವಾ ಪಫ್ ಪೆಟ್ಟಿಗೆಯಲ್ಲಿ 10 ಕೆಜಿ ಐಸ್ ಹಾಕಿದರೆ ಫ್ರೀಜರಿನ ಒಂದು ದಿನದ ಕೆಲಸ ಹೆಚ್ಚುಕಮ್ಮಿ ಮುಗಿಯಿತು. ಆಗ ದಿನದ ಖರ್ಚು 1.4 ಯೂನಿಟ್‌ಗೆ ಇಳಿಯುತ್ತೆ, ಇನ್ವರ್ಟರ್ ನಷ್ಟ ಸೇರಿ 1.65. ಅದೇ 25.6 ವೋಲ್ಟ್ 100 ಎಎಚ್ ಬ್ಯಾಟರಿ ಈಗ ಆರಾಮ, ಮೂರನೇ ಒಂದು ಭಾಗ ಉಳಿಯುತ್ತೆ. ಐಸ್‌ಕ್ರೀಮ್, ಕುಲ್ಫಿ ಮಾರುವವರಿಗೆ ಈ ಉಪಾಯ ನಡೆಯಲ್ಲ. ಅದಕ್ಕೆ ಮೈನಸ್ 18 ಡಿಗ್ರಿ ಬೇಕು, ನೀರಿನ ಐಸು ಸೊನ್ನೆಯಲ್ಲೇ ನಿಲ್ಲುತ್ತೆ.

ಬಿಸಿ ಮಾಡುವ ಯಾವ ಕೆಲಸವನ್ನೂ ಬ್ಯಾಟರಿಗೆ ಒಪ್ಪಿಸಬೇಡಿ. 2000 ವ್ಯಾಟಿನ ಇಂಡಕ್ಷನ್ ಒಲೆ ಮೂರು ಗಂಟೆ ಉರಿದರೆ 6 ಯೂನಿಟ್. 1500 ವ್ಯಾಟಿನ ಟೀ ಕೆಟಲ್‌ಗೆ 12 ವೋಲ್ಟ್ ಬ್ಯಾಟರಿಯಿಂದ ನೂರೈವತ್ತು ಆಂಪಿಯರ್ ಎಳೆಯಬೇಕು. ಬಿಸಿಗೆ ಗ್ಯಾಸು, ತಿರುಗಿಸೋಕೆ ಮತ್ತು ಬೆಳಕಿಗೆ ಬ್ಯಾಟರಿ. ಸಿಲಿಂಡರ್ 19 ಕೆಜಿಯ ಕಮರ್ಷಿಯಲ್ ಆಗಿರಲಿ, 14.2ರ ಮನೆ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ.

ಟ್ಯೂಬ್ಯುಲರ್ ಯಾಕೆ ಬೇಡ

ಮನೆಯಲ್ಲಿ ವರ್ಷಗಟ್ಟಲೆ ಬಾಳುವ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ (ಲೆಡ್ ಆಸಿಡ್ ಬ್ಯಾಟರಿಯದೇ ಒಂದು ಜಾತಿ) ಗಾಡಿಯಲ್ಲಿ ಯಾಕೆ ಸೋಲುತ್ತೆ ಅನ್ನೋದಕ್ಕೆ ಕಾರಣ ಮೂರು. ತೂಕ ಎಲ್ಲರಿಗೂ ಕಾಣುತ್ತೆ, ಒಂದಕ್ಕೆ ಐವತ್ತರಿಂದ ಅರವತ್ತು ಕೆಜಿ. ಎರಡನೆಯದು ಆ 150ರ ಅಂಕಿ. ಅದು 20 ಗಂಟೆ ನಿಧಾನವಾಗಿ, 7.5 ಆಂಪಿಯರ್ ಎಳೆದರೆ ಮಾತ್ರ ಸಿಗುವ ಅಂಕಿ. ಮಿಕ್ಸಿ ಥರ 50-60 ಆಂಪಿಯರ್ ಎಳೆದರೆ ಅಷ್ಟು ಕೊಡಲ್ಲ. ಜೊತೆಗೆ ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಪ್ಲೇಟು ಬೇಗ ಸವೆಯುತ್ತೆ. ಹಾಗಾಗಿ 1.65 ಯೂನಿಟ್ ಪಡೆಯಲು 150 ಎಎಚ್‌ನ ಎರಡು ಬ್ಯಾಟರಿ ಬೇಕು, ನೂರಾ ಹತ್ತು ಕೆಜಿಗೆ ಮೇಲೆ. ಅಷ್ಟೇ ಕೆಲಸ ಮಾಡುವ ಲಿಥಿಯಂ ಫಾಸ್ಫೇಟ್ ಇಪ್ಪತ್ತು ಇಪ್ಪತ್ತೈದು ಕೆಜಿ.

ಮೂರನೆಯದೇ ನಿಜವಾದ ಕೊಲೆಗಾರ. ಲೆಡ್ ಆಸಿಡ್ ಬ್ಯಾಟರಿ ಎಂಬತ್ತು ಪರ್ಸೆಂಟ್‌ವರೆಗೆ ಬೇಗ ತುಂಬುತ್ತೆ, ಆಮೇಲೆ ಕರೆಂಟು ತೆಗೆದುಕೊಳ್ಳೋದೇ ಕಮ್ಮಿ ಮಾಡುತ್ತೆ. ಕೊನೆಯ ಇಪ್ಪತ್ತು ಪರ್ಸೆಂಟಿಗೆ ನಾಲ್ಕೈದು ಗಂಟೆ ಬೇಕು, ಚಾರ್ಜರ್ ಎಷ್ಟು ದೊಡ್ಡದಿದ್ದರೂ ಅಷ್ಟೇ. 15 ಆಂಪಿಯರ್ ಚಾರ್ಜರಿನಲ್ಲಿ ಅರ್ಧ ಖಾಲಿಯಾದ 150 ಎಎಚ್ ಪೂರ್ತಿ ತುಂಬಲು ಏಳೆಂಟು ಗಂಟೆ ಹಿಡಿಯುತ್ತೆ. ನಿಮಗಿರೋದು ಆರು. ಆ ತುಂಬದ ಭಾಗದಲ್ಲಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಒಮ್ಮೆ ಕೂತರೆ ಸುಲಭವಾಗಿ ಕರಗಲ್ಲ. ತಿಂಗಳು ತಿಂಗಳಿಗೆ "ಬ್ಯಾಕಪ್ ಕಮ್ಮಿ ಆಯ್ತು" ಎನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇರೋದು ಇದೇ. 25.6 ವೋಲ್ಟಿನ ಲಿಥಿಯಂಗಾದರೆ 25 ಆಂಪಿಯರ್ ಚಾರ್ಜರಿನಲ್ಲಿ 65 ಎಎಚ್ ವಾಪಸು ತುಂಬಲು ಮೂರು ಗಂಟೆಯೂ ಬೇಡ. ಗೋಡೆಯಿಂದ ಎಳೆಯೋದು ಎಂಟುನೂರು ವ್ಯಾಟಿನ ಒಳಗೆ, 6 ಆಂಪಿಯರಿನ ಮಾಮೂಲಿ ಪ್ಲಗ್ ಸಾಕು. ಪೂರ್ತಿ ತುಂಬದಿದ್ದರೂ ಅದಕ್ಕೆ ಬೇಜಾರಿಲ್ಲ.

ಈಗಾಗಲೇ ಟ್ಯೂಬ್ಯುಲರ್ ಇದೆ, ತೆಗೆಯೋಕಾಗಲ್ಲ ಎನ್ನುವವರು ವಾರಕ್ಕೊಂದು ರಜಾದಿನ ಇಡೀ ಹನ್ನೆರಡು ಹದಿನಾಲ್ಕು ಗಂಟೆ ಚಾರ್ಜಿಗೆ ಬಿಡಿ. ಹೈಡ್ರೋಮೀಟರಿನಲ್ಲಿ (ಆಸಿಡ್ಡಿನ ಸಾಂದ್ರತೆ ಅಳೆಯುವ ಕೊಳವೆ) ಪ್ರತಿ ಸೆಲ್ಲೂ 1.240ರ ಹತ್ತಿರ ಬಂದರೆ ತುಂಬಿದೆ ಎಂದರ್ಥ. ಒಂದು ಸೆಲ್ ಮಾತ್ರ ಕೆಳಗಿದ್ದರೆ ಆ ಬ್ಯಾಟರಿಯ ಆಯುಷ್ಯ ಹತ್ತಿರ ಬಂದಿದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಮನೆಯ ಆರ್‌ಒ ನೀರಲ್ಲ.

ಲಿಥಿಯಂನಲ್ಲೂ ಮೋಸ ಧಾರಾಳ. ಹಳೆಯ ವಾಹನಗಳಿಂದ ಕಿತ್ತ ಸೆಲ್‌ಗಳನ್ನು ಹೊಸ ಡಬ್ಬಿಯಲ್ಲಿ ತುಂಬಿ 100 ಎಎಚ್ ಸ್ಟಿಕ್ಕರ್ ಅಂಟಿಸಿ ಮಾರುತ್ತಾರೆ. ಹಿಡಿಯುವ ದಾರಿ ಸರಳ. ಪೂರ್ತಿ ಚಾರ್ಜ್ ಮಾಡಿ, ಇನ್ವರ್ಟರಿಗೆ 100 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು ಹಾಕಿ ಗಡಿಯಾರ ನೋಡಿ. 12.8 ವೋಲ್ಟ್ 100 ಎಎಚ್ ನಿಜವಾಗಿದ್ದರೆ ಇನ್ವರ್ಟರಿನ ನಷ್ಟ ಕಳೆದು ಹತ್ತೂವರೆಯಿಂದ ಹನ್ನೊಂದು ಗಂಟೆ ಉರಿಯಬೇಕು. ಏಳು ಗಂಟೆಗೆ ಆರಿದರೆ ಒಳಗೆ ನೂರು ಇಲ್ಲ. ಈ ಪರೀಕ್ಷೆ ವಾಪಸು ಕೊಡುವ ಗಡುವಿನೊಳಗೆ ಮಾಡಿ. ಬಲ್ಬಿನ ಬದಲು ಎಲ್‌ಇಡಿ ಹಾಕಬೇಡಿ, ಅದರ ಮೇಲೆ ಬರೆದ ವ್ಯಾಟಿಗೂ ಎಳೆಯುವ ವ್ಯಾಟಿಗೂ ಹೊಂದಾಣಿಕೆ ಇರಲ್ಲ.

ಕೊಳ್ಳುವಾಗ ಬಿಎಂಎಸ್ (ಮಿತಿ ಮೀರಿದರೆ ಬ್ಯಾಟರಿಯನ್ನು ಕಡಿದು ಕಾಯುವ, ಒಳಗಿನ ಸರ್ಕ್ಯೂಟ್) ಎಷ್ಟು ಆಂಪಿಯರಿನದು ಎಂದೂ ಕೇಳಿ. ಮಿಕ್ಸಿ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಎರಡು ಮೂರು ಪಟ್ಟು ಎಳೆಯುತ್ತೆ. 12 ವೋಲ್ಟಿನಲ್ಲಿ 50 ಆಂಪಿಯರ್ ಬಿಎಂಎಸ್ ಇದ್ದರೆ ಗಿರಾಕಿ ಎದುರೇ ಇಡೀ ಗಾಡಿ ಕತ್ತಲಾಗುತ್ತೆ, ಬ್ಯಾಟರಿ ಮಾತ್ರ ತುಂಬಿಯೇ ಇರುತ್ತೆ. ಇನ್ವರ್ಟರಿನಲ್ಲಿ ಲಿಥಿಯಂ ಚಾರ್ಜಿಂಗ್ ಆಯ್ಕೆ ಇರಲೇಬೇಕು. ಟ್ಯೂಬ್ಯುಲರ್ ಸೆಟ್ಟಿಂಗಿನಲ್ಲಿ ಆಗಾಗ ವೋಲ್ಟೇಜ್ ಏರಿಸುವ ಈಕ್ವಲೈಸ್ ಹಂತ ಇದ್ದರೆ ಬಿಎಂಎಸ್ ಮತ್ತೆ ಮತ್ತೆ ಕಡಿದುಕೊಳ್ಳುತ್ತೆ. ಇನ್ನೊಂದು ಮಾತು: ಈ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅನ್ನೋದನ್ನು ವೋಲ್ಟ್ ನೋಡಿ ಹೇಳೋಕಾಗಲ್ಲ. 13.2 ವೋಲ್ಟ್ ತೋರಿಸುವಾಗ ಮುಕ್ಕಾಲೂ ಇರಬಹುದು, ಅರ್ಧಕ್ಕಿಂತ ಕಮ್ಮಿಯೂ ಇರಬಹುದು. ಶಂಟ್ ಇರುವ ಮೀಟರ್ ಹಾಕಿಸಿ, ಒಳಗೆ ಹೋದದ್ದು, ಹೊರಗೆ ಬಂದದ್ದು ಎಣಿಸಿ ತೋರಿಸುತ್ತೆ.

ಹಣ ಉಳಿಸಲು ಹೋಗಿ ಕೆಡುವ ಜಾಗ: ಕೇಬಲ್

ಬ್ಯಾಟರಿ, ಇನ್ವರ್ಟರ್ ಎರಡೂ ಚೆನ್ನಾಗಿದ್ದು, ಮಿಕ್ಸಿ ಹಾಕಿದ ತಕ್ಷಣ ಇನ್ವರ್ಟರ್ ಕೀ ಕೀ ಎಂದು "ಲೋ ಬ್ಯಾಟರಿ" ತೋರಿಸಿ ಆಫ್ ಆಗೋದು ಬಹಳ ಗಾಡಿಗಳ ಗೋಳು. ಬ್ಯಾಟರಿಯನ್ನು ಬೈಯುವ ಮೊದಲು ತಂತಿ ನೋಡಿ. 750 ವ್ಯಾಟ್ ಲೋಡಿಗೆ 12 ವೋಲ್ಟ್ ಬ್ಯಾಟರಿಯಿಂದ ಹರಿಯೋದು ಎಪ್ಪತ್ತು ಆಂಪಿಯರಿಗೂ ಮೇಲೆ. ಬ್ಯಾಟರಿ ಸೀಟಿನ ಹಿಂದೆ, ಇನ್ವರ್ಟರ್ ಎರಡು ಮೀಟರ್ ದೂರ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ ಒಟ್ಟು ನಾಲ್ಕು ಮೀಟರ್. 6 ಸ್ಕ್ವೇರ್ ಎಂಎಂ ತಾಮ್ರದ ಮೆತು ತಂತಿಯಲ್ಲಿ ಮೀಟರಿಗೆ 3.3 ಮಿಲಿಓಮ್ ಲೆಕ್ಕದಲ್ಲಿ ದಾರಿಯಲ್ಲೇ ಸುಮಾರು 0.9 ವೋಲ್ಟ್ ಉದುರುತ್ತೆ. ಲೋಡಿನಲ್ಲಿ ಬ್ಯಾಟರಿಯೂ ಸ್ವಲ್ಪ ಕುಗ್ಗಿರುತ್ತೆ. ಎರಡೂ ಸೇರಿ ಇನ್ವರ್ಟರಿಗೆ ತಲುಪುವ ಹೊತ್ತಿಗೆ ಕಟ್-ಆಫ್ ಹತ್ತಿರ. 25 ಸ್ಕ್ವೇರ್ ಎಂಎಂ ಹಾಕಿದರೆ ಅದೇ ಜಾಗದಲ್ಲಿ ಉದುರೋದು 0.2 ವೋಲ್ಟ್ ಮಾತ್ರ. 24 ವೋಲ್ಟಿನ ವ್ಯವಸ್ಥೆ ಮಾಡಿಕೊಂಡರೆ ಆಂಪಿಯರೇ ಅರ್ಧವಾಗುತ್ತೆ. ಮಿಕ್ಸಿ ಇರುವ ಗಾಡಿಗೆ 24 ವೋಲ್ಟ್ ಅಂತ ಹೇಳೋದು ಇದಕ್ಕೇ.

ತಂತಿ ಕೊಳ್ಳುವಾಗ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ತುದಿಗೆ ಲಗ್ (ನಟ್ಟಿಗೆ ಕೂರುವ ಲೋಹದ ಉಂಗುರ) ಹಾಕಿಸಿ, ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ. ತಂತಿ ಹೊಸೆದು ನಟ್ಟಿನ ಕೆಳಗೆ ಸಿಕ್ಕಿಸಿದರೆ ರಸ್ತೆಯ ಹಂಪ್‌ಗಳಿಗೆ ಸಡಿಲಾಗುತ್ತೆ. ಸಡಿಲಾದ ಜಾಗ ಬಿಸಿಯಾಗುತ್ತೆ, ಬಿಸಿಯಾದದ್ದು ಇನ್ನಷ್ಟು ಸಡಿಲಾಗುತ್ತೆ. ಸ್ಪ್ರಿಂಗ್ ವಾಷರ್ ಹಾಕಿ. ಹದಿನೈದು ದಿನಕ್ಕೊಮ್ಮೆ ವ್ಯಾಪಾರ ಜೋರಾಗಿರುವಾಗ ಟರ್ಮಿನಲ್ ಹತ್ತಿರದ ಕೇಬಲ್ ಮೇಲೆ ಹಿಂಗೈ ಇಟ್ಟು ನೋಡಿ, ಸುಡುವಂತಿದ್ದರೆ ಆಫ್ ಮಾಡಿ ಬಿಗಿಸಿ. ಮಂಗಳೂರು, ಕಾರವಾರದ ಉಪ್ಪು ಗಾಳಿಯಲ್ಲಿ ಟರ್ಮಿನಲ್ಲಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚದಿದ್ದರೆ ಹಸಿರು ಪುಡಿ ಕಟ್ಟೋದಕ್ಕೆ ಹೆಚ್ಚು ದಿನ ಬೇಡ.

ಫ್ಯೂಸು ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಬೇಕು. ಇನ್ವರ್ಟರ್ ಹತ್ತಿರ ಹಾಕಿದರೆ ನಡುವಿನ ಕೇಬಲ್ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಆ ಫ್ಯೂಸಿಗೆ ಗೊತ್ತೇ ಆಗಲ್ಲ, ಕೇಬಲ್ಲೇ ಫ್ಯೂಸಾಗಿ ಉರಿಯುತ್ತೆ. 25 ಸ್ಕ್ವೇರ್ ಕೇಬಲ್ಲಿಗೆ 100 ಆಂಪಿಯರ್ ಫ್ಯೂಸ್ ಸರಿಹೋಗುತ್ತೆ. ತಗಡಿನ ತೂತಿನಲ್ಲಿ ಕೇಬಲ್ ಹಾಯುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್ ಬೇಕೇ ಬೇಕು.

ಇನ್ವರ್ಟರ್ ಶುದ್ಧ ಸೈನ್ ವೇವ್ ಇರಲಿ. ಸ್ಕ್ವೇರ್ ವೇವಿನಲ್ಲಿ ಮಿಕ್ಸಿ ಹೇಗೋ ತಿರುಗುತ್ತೆ, ಆದರೆ ಫ್ಯಾನು, ಫ್ರೀಜರಿನ ಕಂಪ್ರೆಸರ್ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತವೆ.

ಗ್ಯಾಸಿನ ಪಕ್ಕ ಇನ್ವರ್ಟರ್

ಟಾಟಾ ಏಸ್ ಥರದ ಚಿಕ್ಕ ವ್ಯಾನುಗಳಲ್ಲಿ ಜಾಗ ಕಮ್ಮಿ. ಹಾಗಾಗಿ ಕಟ್ಟೆಯ ಕೆಳಗಿನ ಒಂದೇ ಗೂಡಿನಲ್ಲಿ ಸಿಲಿಂಡರ್, ಬ್ಯಾಟರಿ, ಇನ್ವರ್ಟರ್ ಮೂರನ್ನೂ ತುರುಕುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇಳದೆ ಆ ಗೂಡಿನ ತಳದಲ್ಲೇ ಕೂರುತ್ತೆ. ಇನ್ವರ್ಟರಿನ ರಿಲೇ ಟಕ್ ಎಂದಾಗ ಸಣ್ಣ ಕಿಡಿ ಹಾರುತ್ತೆ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಲಿಂಡರಿಗೆ ತಳದಲ್ಲಿ ಜಾಲರಿ ಕಿಂಡಿ ಇರುವ ಪ್ರತ್ಯೇಕ ಗೂಡು, ಇನ್ವರ್ಟರ್ ಬ್ಯಾಟರಿಗೆ ಎದುರು ಬದಿಯಲ್ಲಿ, ನೆಲದಿಂದ ಎತ್ತರದಲ್ಲಿ ಜಾಗ. ನಡುವೆ ತಗಡಿನ ಗೋಡೆ ಬರಲಿ. ಬೆಂಕಿ ಆರಿಸುವ ಡ್ರೈ ಪೌಡರಿನ 2 ಕೆಜಿ ಎಬಿಸಿ ಸಿಲಿಂಡರನ್ನು ಬಾಗಿಲ ಬಳಿ ತಗುಲಿಸಿ, ಒಲೆಯ ಹಿಂದೆ ಅಲ್ಲ.

ಬ್ಯಾಟರಿ ಪೆಟ್ಟಿಗೆಗೂ ಗಾಳಿ ಆಡಬೇಕು. ರಾಯಚೂರು, ಕಲಬುರಗಿಯ ಏಪ್ರಿಲ್ ಮೇ ಬಿಸಿಲಲ್ಲಿ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ಹೊರಗಿಗಿಂತ ಹತ್ತಾರು ಡಿಗ್ರಿ ಹೆಚ್ಚಿರುತ್ತೆ. ಲೆಡ್ ಆಸಿಡ್ ಬ್ಯಾಟರಿಯ ಆಯುಷ್ಯ 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧಕ್ಕಿಳಿಯುತ್ತೆ. ಲಿಥಿಯಂ ಫಾಸ್ಫೇಟ್ ಇದಕ್ಕಿಂತ ತಾಳಿಕೆಯದು, ಆದರೂ ಬಿಸಿ ಮಿತಿಮೀರಿದರೆ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸಿಬಿಡುತ್ತೆ. ಒಲೆಯ ಪಕ್ಕದ ಗೋಡೆಗೆ ಬ್ಯಾಟರಿ ಒರಗಿಸಬೇಡಿ.

ಶಾಕ್ ತಡೆಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸುತ್ತಾರೆ, ಒಳ್ಳೆಯದೇ. ಆದರೆ ಸಣ್ಣ ಜನರೇಟರ್, ಕೆಲವು ಇನ್ವರ್ಟರ್‌ಗಳ ನ್ಯೂಟ್ರಲ್ ಯಾವುದಕ್ಕೂ ಸೇರದೆ ತೇಲುತ್ತಿರುತ್ತೆ. ಆಗ ಮಿಕ್ಸಿಯ ಮೈಗೆ ಕರೆಂಟು ಬಂದರೂ ಆರ್‌ಸಿಸಿಬಿ ಬೀಳಲ್ಲ. ಅದರ ಟೆಸ್ಟ್ ಬಟನ್ ಒತ್ತಿದರೆ ಮಾತ್ರ ಬೀಳುತ್ತೆ, ಯಾಕಂದರೆ ಆ ಬಟನ್ನಿಗೆ ಅರ್ಥಿಂಗ್ ಬೇಡ, ಫೇಸ್ ನ್ಯೂಟ್ರಲ್ ನಡುವೆಯೇ ಅದರ ಕೆಲಸ. ಟೆಸ್ಟ್ ಸರಿಬಂತು ಎಂದು ನಂಬಿ ಕೂರಬೇಡಿ. ಕರೆಂಟು ಹುಟ್ಟುವ ಜಾಗದಲ್ಲಿ ನ್ಯೂಟ್ರಲ್ಲನ್ನು ಗಾಡಿಯ ಬಾಡಿಗೆ ಒಂದೇ ಕಡೆ ಸೇರಿಸಬೇಕು, ಮನೆಯ ಲೈನಿಗೆ ಪ್ಲಗ್ ಹಾಕಿದಾಗ ಆ ಜೋಡಣೆ ತಾನಾಗಿ ಬಿಡಬೇಕು. ಇದನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಗೊತ್ತಿದೆಯಾ ಎಂದು ತಿಳಿಯಲು ಮೇಲಿನ ಟೆಸ್ಟ್ ಬಟನ್ನಿನ ಪ್ರಶ್ನೆ ಕೇಳಿದರೆ ಸಾಕು.

ಜನರೇಟರ್ ಯಾವಾಗ

ಜನರೇಟರ್ ಬೇಡವೇ ಬೇಡ ಅಂತಲ್ಲ. ಸಿರ್ಸಿ ಮಾರಿಕಾಂಬಾ ಜಾತ್ರೆಯಂಥ ಕಡೆ ದಿನಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲುವವರಿಗೆ, ಚಾರ್ಜ್ ಮಾಡುವ ಮನೆ ಹತ್ತಿರದಲ್ಲಿ ಇಲ್ಲದವರಿಗೆ ಬೇಕಾಗುತ್ತೆ. ಆದರೆ ಅದರಿಂದ ಲೈಟು ಮಿಕ್ಸಿ ನೇರ ಓಡಿಸಬೇಡಿ, ಬ್ಯಾಟರಿ ತುಂಬಿಸೋಕೆ ಮಾತ್ರ ಬಳಸಿ. ಇಂಜಿನ್ನಿಗೆ ಹಿತವಾದದ್ದು ಒಂದೇ ಸಮನೆಯ ಲೋಡು. 1 ಕೆವಿಎಯ ಇನ್ವರ್ಟರ್ ಜನರೇಟರಿಗೆ (ಲೋಡಿಗೆ ತಕ್ಕಂತೆ ಇಂಜಿನ್ ವೇಗ ಬದಲಿಸುವ ಜಾತಿ) 700-800 ವ್ಯಾಟಿನ ಚಾರ್ಜರ್ ಹಾಕಿ ಮಧ್ಯಾಹ್ನ ಗಿರಾಕಿ ಕಮ್ಮಿ ಇರುವಾಗ ಎರಡೂವರೆ ಮೂರು ಗಂಟೆ ಓಡಿಸಿದರೆ ಸಂಜೆಯ ಕೆಲಸಕ್ಕಾಗುತ್ತೆ. ಸಂಜೆ ಜನ ಬಂದಾಗ ಸದ್ದಿಲ್ಲ, ಹೊಗೆಯಿಲ್ಲ. ಯೂನಿಟ್ಟಿಗೆ ಐವತ್ತು ಎಪ್ಪತ್ತು ರೂಪಾಯಿ ಬೀಳುತ್ತೆ. ದುಬಾರಿಯೇ, ಆದರೆ ಸಾವಿರವಲ್ಲ.

ಜಾತ್ರೆಯಲ್ಲಿ ಶಾಮಿಯಾನ-ಲೈಟಿಂಗ್‌ನವರು ತಮ್ಮ ದೊಡ್ಡ ಜನರೇಟರಿನಿಂದ ಪಾಯಿಂಟಿಗಿಷ್ಟು ಅಂತ ಲೈನ್ ಕೊಡುತ್ತಾರಲ್ಲ, ಅಲ್ಲೂ ಇದೇ ಮಾತು. ಯಾರೋ ಸೀರಿಯಲ್ ಸೆಟ್ ಆರಿಸಿದರೆ ವೋಲ್ಟೇಜ್ ಜಿಗಿಯುತ್ತೆ, ತೊಟ್ಟಿಲು ಶುರುಮಾಡಿದರೆ ಕುಸಿಯುತ್ತೆ. ಆ ಏರಿಳಿತವನ್ನು ಒಳ್ಳೆ ಚಾರ್ಜರ್ ತಡೆದುಕೊಳ್ಳುತ್ತೆ, ಫ್ರೀಜರ್ ತಡೆಯಲ್ಲ.

ಇಂಜಿನ್ನನ್ನು ವ್ಯಾನಿನೊಳಗೆ, ಹಿಂಬಾಗಿಲು ತೆರೆದಿದ್ದರೂ ಸರಿ, ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು, ವಾಕರಿಕೆ ಬರುವ ಹೊತ್ತಿಗೆ ತಡವಾಗಿರುತ್ತೆ. ಇಪ್ಪತ್ತು ಅಡಿ ದೂರ, ಹೊಗೆ ಕೊಳವೆ ಗಿರಾಕಿ ಮತ್ತು ಗಾಡಿ ಎರಡಕ್ಕೂ ಬೆನ್ನು ಮಾಡಿರಲಿ. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹುಯ್ಯಬಾರದು. ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಅದು ತೇವ ಹೀರುತ್ತೆ, ವಾರಗಟ್ಟಲೆ ನಿಂತರೆ ಕಾರ್ಬುರೇಟರಿನ ಜೆಟ್ ಕಟ್ಟುತ್ತೆ. ಜಾತ್ರೆ ಮುಗಿದ ದಿನ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡಿ. ಹೊಸದಾದರೆ ಮೊದಲ ಆಯಿಲ್ ಇಪ್ಪತ್ತು ಗಂಟೆಗೇ ಬದಲಿಸಬೇಕು. ಬಹುತೇಕರು ಬದಲಿಸಲ್ಲ.

ಕಬ್ಬಿನ ಹಾಲಿನ ಗಾಡಿಯವರ ದಾರಿ ಪೂರ್ತಿ ಬೇರೆ. 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಎಳೆಯೋದು ಸಾವಿರ ವ್ಯಾಟಿನ ಸುತ್ತ, ಶುರುವಾಗುವಾಗ ಅದರ ಐದಾರು ಪಟ್ಟು. 2 ಕೆವಿಎ ಜನರೇಟರ್ ಅಲ್ಲೇ ಉಸಿರುಗಟ್ಟುತ್ತೆ. ಇಂಜಿನ್ನಿನಿಂದ ಕರೆಂಟು ಮಾಡಿ, ಆ ಕರೆಂಟಿನಿಂದ ಮೋಟರ್ ತಿರುಗಿಸಿ ಎರಡು ಕಡೆ ನಷ್ಟ ಮಾಡಿಕೊಳ್ಳುವ ಬದಲು ಇಂಜಿನ್ನಿನಿಂದ ಗಾಣಕ್ಕೆ ನೇರ ಬೆಲ್ಟ್ ಹಾಕೋದೇ ಸರಿ. ಹಳಬರು ಮಾಡಿಕೊಂಡು ಬಂದಿರೋದೂ ಅದನ್ನೇ.

ಸೋಲಾರ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ವ್ಯಾನಿನ ತಲೆಯ ಮೇಲೆ 330 ವ್ಯಾಟಿನ ಒಂದು ಪ್ಯಾನೆಲ್ ಹಿಡಿಯುತ್ತೆ, ಒಳ್ಳೆ ಬಿಸಿಲಿನ ದಿನ ಚಪ್ಪಟೆಯಾಗಿ ಮಲಗಿಸಿದರೂ ಒಂದು ಯೂನಿಟ್ ಬರುತ್ತೆ. ತೊಂದರೆ ಏನೆಂದರೆ ಗಿರಾಕಿ ನೆರಳು ಹುಡುಕುತ್ತಾನೆ, ಪ್ಯಾನೆಲ್ ಬಿಸಿಲು ಹುಡುಕುತ್ತೆ. ಮರದ ಕೊಂಬೆಯ ನೆರಳು ಒಂದು ಮೂಲೆಗೆ ಬಿದ್ದರೂ ಆ ಸಾಲಿನ ಸೆಲ್‌ಗಳೆಲ್ಲ ಸುಮ್ಮನಾಗುತ್ತವೆ. ಹಗಲು ಬಯಲಲ್ಲಿ ನಿಂತು ಸಂಜೆ ವ್ಯಾಪಾರ ಮಾಡುವವರಿಗೆ ಲಾಭ, ಮಲೆನಾಡಿನ ಮಳೆಗಾಲದಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಗಾಡಿಯ ಆಲ್ಟರ್ನೇಟರಿನಿಂದ ತುಂಬಿಸೋದಾದರೆ ನಡುವೆ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಲಿಥಿಯಂ ಬ್ಯಾಟರಿ ಕೊಟ್ಟಷ್ಟನ್ನೂ ಎಳೆಯುವ ಜಾತಿ, ನೇರ ಸೇರಿಸಿದರೆ ಆಲ್ಟರ್ನೇಟರ್ ಸುಡುತ್ತೆ. ಎರಡು ಗಂಟೆ ಓಡಿಸಿದರೆ ಅರ್ಧ ಯೂನಿಟ್ ಸಿಗುತ್ತೆ.

ತುಂಬಿಸುವ ಜಾಗ

ಮನೆಯಲ್ಲಿ ಚಾರ್ಜ್ ಮಾಡುವವರು ಗೃಹಜ್ಯೋತಿಯ ಲೆಕ್ಕ ನೋಡಿಕೊಳ್ಳಿ. ದಿನಕ್ಕೆ ಎರಡು ಯೂನಿಟ್ಟಿನಂತೆ 26 ದಿನಕ್ಕೆ ಐವತ್ತು ಯೂನಿಟ್ ದಾಟುತ್ತೆ. ನಿಮಗೆ ನಿಗದಿಯಾದ ಸರಾಸರಿಗಿಂತ ಹೆಚ್ಚಾದದ್ದಕ್ಕೆ ಬಿಲ್ ಬರುತ್ತೆ, ಒಟ್ಟು 200 ದಾಟಿದರೆ ಇಡೀ ಬಿಲ್ಲೇ ಕಟ್ಟಬೇಕು. ಮನೆ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸಿದ್ದು ಎಂದು ತೀರ್ಮಾನವಾದರೆ ವಿದ್ಯುತ್ ಕಾಯ್ದೆ 2003ರ 126ನೇ ಕಲಂ ಪ್ರಕಾರ ಎರಡು ಪಟ್ಟು ದರ ಹಾಕುವ ಅಧಿಕಾರ ಎಸ್ಕಾಂಗಿದೆ. ಹಾಗಾಗಿ ಗ್ಯಾರೇಜು, ಅಂಗಡಿಯಂಥ ಕಮರ್ಷಿಯಲ್ ಮೀಟರ್ ಇರುವ ಕಡೆ ತಿಂಗಳ ಬಾಡಿಗೆಗೆ ಒಂದು ಪ್ಲಗ್ ಮತ್ತು ಸಬ್ ಮೀಟರ್ ಗೊತ್ತುಮಾಡಿಕೊಳ್ಳೋದು ಮೇಲು. ಒಂದೇ ಕಡೆ ದಿನಾ ನಿಲ್ಲುವವರು, ಉತ್ಸವದ ಮಳಿಗೆ ಹಾಕುವವರು ಎಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕ ಕೇಳಬಹುದು, ದರ ಹೆಚ್ಚು. ಬೀದಿದೀಪದ ಕಂಬಕ್ಕೆ ಕೊಕ್ಕೆ ಹಾಕೋದು 135ನೇ ಕಲಂನ ಕಳ್ಳತನ, ಮಳೆಗಾಲದಲ್ಲಿ ಪ್ರಾಣಕ್ಕೂ ಕುತ್ತು.

ಬೀದಿಬದಿ ವ್ಯಾಪಾರಿಯ ಗುರುತಿನ ಚೀಟಿ ಇರುವವರಿಗೆ ಪಿಎಂ ಸ್ವನಿಧಿಯ ಮೊದಲ ಕಂತಿನ ಸಾಲ ಈಗ 15,000 ರೂಪಾಯಿ. ಗೋಬಿ ಗಾಡಿಯ ಚಿಕ್ಕ ಬ್ಯಾಟರಿ, ಚಾರ್ಜರ್, ಬಲ್ಬು ಅದರೊಳಗೆ ಮುಗಿಯುತ್ತೆ. ಜ್ಯೂಸ್ ವ್ಯಾನಿಗೆ ಸಾಲದು.

ಗಾಡಿಯಲ್ಲಿ ಸದಾ ಇರಬೇಕಾದ ಸಾಮಾನು: ಅದೇ ಅಳತೆಯ ಎರಡು ಫ್ಯೂಸ್, ಟರ್ಮಿನಲ್ ನಟ್ಟಿಗೆ ಹೊಂದುವ ಸ್ಪಾನರ್ (ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿರಲಿ, ಎರಡು ಟರ್ಮಿನಲ್ ನಡುವೆ ಜಾರಿದರೆ ಕೈ ಸುಡುತ್ತೆ), ಒಂದೆರಡು ಲಗ್, ಮತ್ತೆ ಇನ್ವರ್ಟರಿಗೆ ಸಂಬಂಧವೇ ಇಲ್ಲದ ಒಂದು ರೀಚಾರ್ಜ್ ಬಲ್ಬು. ಕಾದ ಎಣ್ಣೆ ಬಾಣಲೆ ಎದುರಿಗಿರುವಾಗ ಕತ್ತಲಾದರೆ ಮೊದಲು ಬೇಕಾಗೋದು ಆ ಬಲ್ಬು, ಅದನ್ನು ಒಲೆಯ ಮೇಲ್ಗಡೆಯೇ ತೂಗುಹಾಕಿ.